ರಾಜೀನಾಮೆ ಕೊಡಲಾ, ಕವರ್ ಬಿಡಲಾ?

ಓದುಗರ ಪ್ರಶ್ನೆ, ಸಿಸ್ಟರ್ ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೇವರ ಕರೆಯ ಬಗ್ಗೆಯೇ ಇವೆ. ಕನ್ವೆನ್ಷನ್‌ಗಳು, ಅಂದರೆ ಸಭೆಗಳ ದೊಡ್ಡ ಪ್ರಸಂಗ ಕೂಟಗಳು, ಮುಗಿದ ಮೇಲೆ ಪ್ರತಿವರ್ಷ ಹೀಗೆ ಬರುತ್ತವೆ. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಪಾದ್ರಿಯಲ್ಲ. ವಾರ್ಡ್ ಸಿಸ್ಟರ್ ಆಗಿದ್ದು ನಿವೃತ್ತಿಯಾದವಳು. ಸಭಾಪಾಲಕರು ಊರಲ್ಲಿಲ್ಲದ ಭಾನುವಾರ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಪ್ರಸಂಗ ಮಾಡುತ್ತೇನೆ. ಮೊದಲನೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ.

ಪ್ರಶ್ನೆ: ಅಕ್ಕಾ, ನನಗೆ 36 ವರ್ಷ. ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ಜನವರಿಯ ಕನ್ವೆನ್ಷನ್‌ನಲ್ಲಿ "ಪೂರ್ಣ ಸಮಯದ ಸೇವೆಗೆ ಯಾರು ಬರುತ್ತೀರಿ?" ಎಂದು ಪ್ರಸಂಗಿಗಳು ಕೇಳಿದಾಗ ಎದ್ದು ನಿಂತೆ. ಅಳು ತಡೆಯಲಾಗಲಿಲ್ಲ. ಈಗ ರಾಜೀನಾಮೆ ಕೊಟ್ಟು ಬೈಬಲ್ ಕಾಲೇಜು ಸೇರಬೇಕು ಅಂತಿದ್ದೇನೆ. ಹೆಂಡತಿ ಒಪ್ಪುತ್ತಿಲ್ಲ. ಇಬ್ಬರು ಮಕ್ಕಳಿದ್ದಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಸೊಸೈಟಿ ಸಾಲವೂ ಇದೆ. ಇನ್ನೊಂದು ವಿಷಯ. ಕಚೇರಿಯಲ್ಲಿ ಸಂಜೆ ಲಂಚದ ದುಡ್ಡಿನ ಕವರ್ ಹಂಚುತ್ತಾರೆ. ನಾನೂ ತೆಗೆದುಕೊಳ್ಳುತ್ತೇನೆ. ಬೇಡ ಅಂದರೆ ಅಲ್ಲಿ ಇರಲು ಬಿಡುವುದಿಲ್ಲ. ಈ ಹೊಲಸಿನಲ್ಲಿ ಇದ್ದುಕೊಂಡು ಯೇಸುವಿನ ಶಿಷ್ಯನಾಗಿರಲು ಆಗುತ್ತದಾ? ಮೀನುಗಾರ ಪೇತ್ರ ಬಲೆ ಬಿಟ್ಟು ಯೇಸುವಿನ ಹಿಂದೆ ಹೋದ ಹಾಗೆ ನಾನೂ ಹೋಗಬೇಕಲ್ಲವಾ?
- ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ತಮ್ಮಾ, ಕವರ್ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಕನ್ವೆನ್ಷನ್‌ನಲ್ಲಿ ನಿಮಗೆ ಬಂದ ಅಳು ಸುಳ್ಳಲ್ಲ. ದೇವರು ನಿಮ್ಮನ್ನು ಕರೆದಿದ್ದಾರೆ ಎಂದೇ ನಾನೂ ನಂಬುತ್ತೇನೆ. ಆದರೆ ಎಲ್ಲಿಗೆ ಕರೆದರು ಅನ್ನುವುದನ್ನು ನೀವು ಬೇಗ ತೀರ್ಮಾನ ಮಾಡಿಬಿಟ್ಟಿದ್ದೀರಿ.

ಸುವಾರ್ತೆಯಲ್ಲಿ ಹೆಸರು ಹೇಳಿರುವ ಇಬ್ಬರು ಸುಂಕದವರನ್ನು ನೆನಪು ಮಾಡಿಕೊಳ್ಳಿ. ಲೇವಿ ಸುಂಕದ ಕಟ್ಟೆಯಲ್ಲಿ ಕೂತಿದ್ದ. ಯೇಸುಸ್ವಾಮಿ ಕರೆದರು, ಎಲ್ಲ ಬಿಟ್ಟು ಎದ್ದು ಹೋದ. ಜಕ್ಕಾಯ ಯೆರಿಕೋವಿನಲ್ಲಿ ಸುಂಕದವರಿಗೆಲ್ಲ ಮೇಲಿನವನು. ಅವನಿಗೆ ಕೆಲಸ ಬಿಡು ಅಂದದ್ದು ಲೂಕ 19ರಲ್ಲಿ ಎಲ್ಲೂ ಇಲ್ಲ. ಮರದಿಂದ ಬೇಗ ಇಳಿ, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು, ಅಷ್ಟೇ. ದುಡ್ಡಿನ ಮಾತು ಎತ್ತಿದ್ದು ಜಕ್ಕಾಯನೇ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಅವನೂ ಲೇವಿಯಷ್ಟೇ ಕರೆಯಲ್ಪಟ್ಟವನು. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗಲೂ ಹಾಗೇ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ ನಿಮ್ಮ ಸಂಬಳ ನಿಮಗೆ ಸಾಕು ಅಂದುಕೊಳ್ಳಿ ಅಂದ. ಲೂಕ 3ನೇ ಅಧ್ಯಾಯ ಇವತ್ತು ರಾತ್ರಿ ಹೆಂಡತಿಯ ಜೊತೆ ಕೂತು ಓದಿ.

ನೀವು ನಾಳೆಯೇ ರಾಜೀನಾಮೆ ಕೊಟ್ಟಿರಿ ಅಂತ ಇಟ್ಟುಕೊಳ್ಳೋಣ. ಕವರ್ ನಿಲ್ಲುವುದಿಲ್ಲ. ನಿಮ್ಮ ಕುರ್ಚಿಗೆ ಬಂದವರು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷ ಯಾರಿಂದ ದುಡ್ಡು ಬಂತೋ ಅವರ ಬಾಕಿ ಹಾಗೇ ಉಳಿಯುತ್ತದೆ. ಆ ಬಾಕಿ ಹೊತ್ತುಕೊಂಡೇ ಬೈಬಲ್ ಕಾಲೇಜಿನ ಮೆಟ್ಟಿಲು ಹತ್ತುತ್ತೀರಿ. ರಾಜೀನಾಮೆ ಪತ್ರ ಒಂದು ಸಲ ಬರೆದರೆ ಮುಗಿಯಿತು. ಕವರ್ ಬೇಡ ಅನ್ನುವುದು ದಿನಾ ಸಂಜೆಯ ಕೆಲಸ. ದೇವರು ಈಗ ಕೇಳುತ್ತಿರುವುದು ಈ ಎರಡನೆಯದನ್ನು ಅಂತ ನನಗೆ ಅನಿಸುತ್ತದೆ.

ಬೇಡ ಅಂದರೆ ಇರಲು ಬಿಡುವುದಿಲ್ಲ ಅಂತ ಬರೆದಿದ್ದೀರಿ. ಆ ಭಯ ಸುಮ್ನೆ ಅಲ್ಲ, ನನಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮಗು ತೋರಿಸಲು ದುಡ್ಡು ಕೇಳುತ್ತಿದ್ದರು. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು ರೇಟು. ಅಲ್ಲೊಬ್ಬ ಆಯಾ ಇದ್ದರು. ಸಂಬಳ ನಮ್ಮೆಲ್ಲರಿಗಿಂತ ಕಡಿಮೆ. ಒಂದು ಈಸ್ಟರ್ ಆದ ಮೇಲೆ ಅವರು ದುಡ್ಡು ಮುಟ್ಟುವುದನ್ನು ಬಿಟ್ಟರು. ಯಾಕೆ ಅಂತ ಕೇಳಿದವರಿಗೆ, "ಮಗು ಕೊಟ್ಟಿದ್ದು ದೇವರು, ನಾನ್ಯಾಕೆ ರೊಕ್ಕ ಇಸ್ಕೊಳ್ಳಲಿ?" ಅಂದರು. ಬೇರೆ ಪ್ರಸಂಗ ಮಾಡಲಿಲ್ಲ. ಉಳಿದವರು ಮಾತು ಬಿಟ್ಟರು. ಸಾಲಾಗಿ ನೈಟ್ ಡ್ಯೂಟಿ ಹಾಕಿಸಿದರು. ಕಕ್ಕಸು ತೊಳೆಯುವ ಪಾಳಿ ಅವರ ತಲೆಗೇ ಬಂತು. ಅವರು ಕೆಲಸ ಬಿಡಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ. ಹಳ್ಳಿಯಿಂದ ಬಂದ ಹೆಂಗಸರು ಅವರ ಹೆಸರು ಕೇಳಿಕೊಂಡು ಬರುತ್ತಿದ್ದರು. ನಾನು ಕಂಡ ಶಿಷ್ಯರಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಇಡುತ್ತೇನೆ.

ನಿಮ್ಮನ್ನೂ ರೆಕಾರ್ಡ್ ರೂಮಿಗೆ ಹಾಕಬಹುದು. ದೂರದ ಊರಿಗೆ ವರ್ಗ ಮಾಡಬಹುದು. ಸಂಜೆ ಕವರ್ ಬಂದಾಗ "ಇನ್ನು ಮೇಲೆ ನನಗೆ ಬೇಡ" ಅಂತ ಮಾತ್ರ ಹೇಳಿ. ಬೇರೆಯವರ ಪಾಪದ ಬಗ್ಗೆ ಅಲ್ಲಿ ಭಾಷಣ ಬೇಡ. ಹಿಂದೆ ತೆಗೆದುಕೊಂಡದ್ದರಲ್ಲಿ ಯಾರಿಗೆ ವಾಪಸ್ ಕೊಡಲು ಸಾಧ್ಯವೋ ಅವರನ್ನು ನೆನಪು ಮಾಡಿಕೊಂಡು ಪಟ್ಟಿ ಮಾಡಿ. ಕೊಡುವ ಮುಂಚೆ ನಂಬಿಕಸ್ಥ ವಕೀಲರೊಬ್ಬರ ಜೊತೆ ಮಾತಾಡಿ, ಕಾನೂನಿನ ತೊಡಕು ಇರುತ್ತದೆ. ಅವರು ಹೇಳುವುದು ಕಷ್ಟದ ದಾರಿಯಾದರೂ ತಳ್ಳಿಹಾಕಬೇಡಿ.

ಇನ್ನೊಂದು. ನಿಮ್ಮ ಟೇಬಲ್ಲಿಗೆ ಪೌತಿ ಖಾತೆಗೆ ಅಂತ ಬರುವ ವಿಧವೆಯನ್ನು ನೋಡಿದ್ದೀರಲ್ಲ. ಗಂಡ ಸತ್ತಿದ್ದಾನೆ, ಜಮೀನು ಇನ್ನೂ ಅವನ ಹೆಸರಲ್ಲಿದೆ. ಮೊದಲ ಸಲ ಬಂದಾಗ ಮರಣ ಪ್ರಮಾಣಪತ್ರ ತಗೊಂಡು ಬಾ ಅಂತಾರೆ. ತರುತ್ತಾಳೆ. ಆಮೇಲೆ ವಂಶವೃಕ್ಷ ಎಲ್ಲಿ ಅಂತಾರೆ. ಆಮೇಲೆ ಇನ್ನೇನೋ. ಪ್ರತಿ ಸಲ ಅವಳ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗಾಗಿ ಕಾಯುವುದರಲ್ಲಿ ಸಂಜೆಯಾಗುತ್ತದೆ. ನೀವು ಅವಳನ್ನು ಕೂರಿಸಿ, ಬೇಕಾದ ಕಾಗದಗಳೆಲ್ಲ ಯಾವುವು ಅಂತ ಒಂದೇ ಸಲಕ್ಕೆ ಚೀಟಿಯಲ್ಲಿ ಬರೆದುಕೊಡಿ. ಓದಲು ಬಾರದಿದ್ದರೆ ಓದಿ ಹೇಳಿ. ಅರ್ಜಿ ಕೊಟ್ಟ ಮೇಲೆ ಫೈಲ್ ನಿಮ್ಮ ಮೇಜಿನ ಮೇಲೆ ಕೊಳೆಯಲು ಬಿಡಬೇಡಿ. ಪ್ರವಾದಿಗಳ ಪುಸ್ತಕಗಳಲ್ಲಿ ವಿಧವೆಯರ ವ್ಯಾಜ್ಯದ ಮಾತು ಎಷ್ಟು ಸಲ ಬರುತ್ತದೆ ನೋಡಿ. ಯೆಶಾಯನ ಮೊದಲನೇ ಅಧ್ಯಾಯದಲ್ಲೇ ಇದೆ. ಆ ವಿಧವೆ ನಡೆದುಕೊಂಡು ಬರುವುದು ನಿಮ್ಮ ಟೇಬಲ್ಲಿಗೆ, ಪ್ರಸಂಗಿಯ ವೇದಿಕೆಗಲ್ಲ.

ನಮ್ಮ ಅಜ್ಜ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯ ಆಳು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಹೊಸದಾಗಿ ನಂಬಿದವರಿಗೆ ಮನೆಯೂ ಹೋಗುತ್ತಿತ್ತು, ಕುಲಕಸುಬೂ ಹೋಗುತ್ತಿತ್ತು. ಭಾನುವಾರ ಹಾಡು ಹೇಳಿಸಿ ಸೋಮವಾರ ಉಪವಾಸ ಕೆಡವಲು ಆಗುತ್ತದಾ? ಅದಕ್ಕೇ ನೇಯ್ಗೆ, ಅಚ್ಚುಕೂಟ, ಆಮೇಲೆ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದ ಮೇಲೂ ಅಜ್ಜ ಅಲ್ಲೇ ಇದ್ದರು. ಗೂಡಿನಿಂದ ಹೊರಬಂದ ಹೆಂಚನ್ನು ಕೈಯಲ್ಲಿ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು ಅವರ ಅಭ್ಯಾಸ. ಸರಿಯಾಗಿ ಬೆಂದ ಹೆಂಚು ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಸತ್ತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಸತ್ತ ಸದ್ದಿನದನ್ನು ಅವರು ಒಳ್ಳೆಯ ರಾಶಿಗೆ ಹಾಕುತ್ತಿರಲಿಲ್ಲ. ಯಾರದೋ ಮನೆ, ಜೂನ್ ತಿಂಗಳಲ್ಲಿ ಅವರ ಮಕ್ಕಳ ಮೇಲೆ ನೀರು ಸುರಿಯುತ್ತದೆ ಅನ್ನುತ್ತಿದ್ದರು. ಅವರು ಒಂದು ಪ್ರಸಂಗವನ್ನೂ ಮಾಡಿದವರಲ್ಲ.

ಈಗ ನಿಮ್ಮ ಹೆಂಡತಿಯ ವಿಷಯ. ಪೇತ್ರ ಬಲೆ ಬಿಟ್ಟದ್ದು ಮಾರ್ಕ 1ನೇ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಯೇಸುಸ್ವಾಮಿ ಪೇತ್ರನ ಮನೆಗೇ ಹೋಗುತ್ತಾರೆ, ಜ್ವರದಲ್ಲಿ ಮಲಗಿದ್ದ ಅವನ ಅತ್ತೆಯ ಕೈಹಿಡಿದು ಎಬ್ಬಿಸುತ್ತಾರೆ. ಎಷ್ಟೋ ವರ್ಷ ಆದ ಮೇಲೆ ಪೌಲ 1 ಕೊರಿಂಥ 9ರಲ್ಲಿ ಬರೆಯುತ್ತಾನೆ, ಪೇತ್ರ ಹೆಂಡತಿಯನ್ನು ಕರೆದುಕೊಂಡೇ ಸಂಚಾರ ಮಾಡುತ್ತಿದ್ದಾನೆ ಅಂತ. ಬಲೆ ಬಿಟ್ಟವನು ಹೆಂಡತಿಯನ್ನು ಬಿಡಲಿಲ್ಲ. ನಿಮ್ಮ ಮನೆಯವರು ಒಪ್ಪುತ್ತಿಲ್ಲ ಅಂದರೆ ಅವರು ದೇವರಿಗೆ ಅಡ್ಡ ನಿಂತಿದ್ದಾರೆ ಅಂತ ತಿಳಿಯಬೇಡಿ. ಅಕ್ಕಿ ಡಬ್ಬಿ, ಮಕ್ಕಳ ಫೀಸು, ಅತ್ತೆಯ ಮಾತ್ರೆ ಅವರ ಕಣ್ಣ ಮುಂದೆ ಇವೆ. ಕವರ್ ಬಿಟ್ಟರೆ ಮನೆಗೆ ಬರುವ ದುಡ್ಡು ಎಷ್ಟು ಕಡಿಮೆಯಾಗುತ್ತದೆ ಅಂತ ಮೊದಲು ಅವರಿಗೆ ಹೇಳಿ. ಬಹುಶಃ ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ, ಅಲ್ವಾ?

ಒಂದು ವರ್ಷ ಬರೀ ಸಂಬಳದಲ್ಲಿ ಬದುಕಿ. ಸಭೆಯಲ್ಲಿ ಭಾನುವಾರದ ಶಾಲೆ ತೆಗೆದುಕೊಳ್ಳಿ, ಪ್ರಸಂಗ ಮಾಡಲು ಕಲಿಯಿರಿ. ಆಗಲೂ ಮನಸ್ಸು ಅದೇ ಕಡೆ ಎಳೆದರೆ, ಹೆಂಡತಿಯ ಮನಸ್ಸೂ ಬಂದರೆ, ಸಭಾಪಾಲಕರ ಹತ್ತಿರ ಹೋಗಿ. ಸಭೆ ಶಿಫಾರಸು ಮಾಡಬೇಕು, ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ್ಯ) ಸಂದರ್ಶನ ಮಾಡಬೇಕು, ಆಮೇಲೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜೋ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜೋ. ನಿಮ್ಮನ್ನು ಬಲ್ಲ ನಾಲ್ಕು ಜನ ಹೌದು ಅನ್ನಲಿ ಅಂತಲೇ ಈ ದಾರಿ ಇಷ್ಟು ಉದ್ದ. ಅದು ಒಳ್ಳೆಯದೇ. ದೆವ್ವ ಬಿಟ್ಟ ಗೆರಸೇನರ ಸೀಮೆಯ ಮನುಷ್ಯ ದೋಣಿ ಹತ್ತಲು ಬಂದಾಗ ಯೇಸುಸ್ವಾಮಿ ಬೇಡ ಅಂದರು, ಮನೆಗೆ ಹೋಗು, ನಿನ್ನ ಜನರಿಗೆ ಹೇಳು ಅಂದರು. ಅವನನ್ನು ಗೋರಿಗಳಲ್ಲಿ ಬೆತ್ತಲೆ ಕಂಡವರ ಮಧ್ಯಕ್ಕೇ ಅವನು ವಾಪಸ್ ಹೋಗಬೇಕಾಯಿತು. ನೀವೂ ನಿಮ್ಮನ್ನು ಕವರ್ ಜೊತೆ ಕಂಡವರ ಮಧ್ಯಕ್ಕೇ ಸೋಮವಾರ ಹೋಗುತ್ತೀರಿ.

ಪ್ರಶ್ನೆ: ಆಫೀಸಿನ ಕ್ಯಾಂಟೀನ್‌ನಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ಸಂಕೋಚ. ಇದು ಯೇಸುವಿನ ಬಗ್ಗೆ ನಾಚಿಕೊಂಡ ಹಾಗಾ?
- ಒಬ್ಬ ಓದುಗ, ಮೈಸೂರು

ಉತ್ತರ: ಕಣ್ಣು ತೆರೆದೇ ಮಾಡಿ, ದೇವರಿಗೆ ಕೇಳಿಸುತ್ತದೆ. ನಿಮ್ಮ ಟೇಬಲ್ ಒರೆಸುವ ಹುಡುಗನ ಹೆಸರು ಗೊತ್ತಾ? ಗೊತ್ತಿಲ್ಲದಿದ್ದರೆ ನಾಳೆ ಕೇಳಿ.

ಪ್ರಶ್ನೆ: ಅಮ್ಮಾ, ನಮ್ಮ ಅತ್ತೆಗೆ ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದಾರೆ. ಎಲ್ಲಾ ಹಾಸಿಗೆಯಲ್ಲೇ. ನಾನೊಬ್ಬಳೇ ನೋಡಿಕೊಳ್ಳುವುದು. ಸ್ತ್ರೀಯರ ಕೂಟಕ್ಕೂ ಉಪವಾಸ ಪ್ರಾರ್ಥನೆಗೂ ಹೋಗಲು ಆಗುತ್ತಿಲ್ಲ. "ಇವಳು ಮೊದಲಿನ ಹಾಗಿಲ್ಲ, ತಣ್ಣಗಾಗಿಬಿಟ್ಟಳು" ಅಂತ ಸಭೆಯಲ್ಲಿ ಮಾತು ಬಂದಿದೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಅತ್ತೆ ಮೊದಲು ನನ್ನನ್ನು ತುಂಬಾ ನೋಯಿಸಿದ್ದರು. ಈಗ ಕೈ ಅವರ ಕೆಲಸ ಮಾಡುತ್ತದೆ, ಮನಸ್ಸು ಒಳಗೊಳಗೇ ಬೈಯುತ್ತದೆ. ನಾನೆಂಥ ಕ್ರೈಸ್ತಳು?
- ಒಬ್ಬ ಸಹೋದರಿ, ಹಾಸನ

ಉತ್ತರ: ತಂಗಿ, ಮೊದಲು ಅತ್ತೆಯ ಬೆನ್ನಿನ ವಿಷಯ ಮಾತಾಡೋಣ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಇವನ್ನು ದಿನಾ ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾಗಬೇಕು. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಮುಟ್ಟಿ ನೋಡಿ: ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ? ಇದ್ದರೆ ಆ ಮಗ್ಗುಲಿಗೆ ಮಲಗಿಸಬೇಡಿ, ಅಲ್ಲಿ ಉಜ್ಜಬೇಡಿ, ಡಾಕ್ಟರಿಗೆ ತೋರಿಸಿ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿ. ಒದ್ದೆ ಬಟ್ಟೆ ಬದಲಿಸಲು ತಡ ಮಾಡಬೇಡಿ.

ಇದನ್ನೆಲ್ಲ ನೀವು ಆಗಲೇ ಮಾಡುತ್ತಿರಬಹುದು. ಮಾಡುತ್ತಿದ್ದರೆ ನೀವು ತಣ್ಣಗಾಗಿಲ್ಲ. ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ತಬಿಥಾ ಬರುತ್ತಾಳೆ. ಬೈಬಲ್ ಅವಳನ್ನು ಶಿಷ್ಯಳು ಅಂತಲೇ ಕರೆಯುತ್ತದೆ. ಅವಳು ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. ಅವಳು ಎಷ್ಟು ಕೂಟಕ್ಕೆ ಹೋಗುತ್ತಿದ್ದಳು ಅಂತ ಯಾರೂ ಹೇಳಲಿಲ್ಲ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್, ದೇವರಿಗೆ ಮೀಸಲು' ಅಂತ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಮಾರ್ಕ 7ರಲ್ಲಿ ಬಹಳ ಗಡಸಾಗಿ ಮಾತಾಡಿಸಿದ್ದಾರೆ. ಹಾಸಿಗೆ ಹಿಡಿದವರನ್ನು ಬಿಟ್ಟು ಕೂಟಕ್ಕೆ ಬಾ ಅನ್ನುವವರು ಅದನ್ನು ಓದಿಕೊಳ್ಳಲಿ.

ಮನಸ್ಸು ಬೈಯುತ್ತದೆ ಅಂದಿರಿ. ಅದನ್ನು ಬರೆದದ್ದು ಒಳ್ಳೆಯದಾಯಿತು. ನೋಯಿಸಿದವರ ಮೈ ತೊಳೆಯುವುದು ಸಣ್ಣ ಕೆಲಸವಲ್ಲ. ವೈರಿಗೆ ಹಸಿವಾದರೆ ಊಟ ಕೊಡು ಅಂತ ಪೌಲ ರೋಮಾಪುರದವರಿಗೆ ಬರೆದ, ಮೊದಲು ಪ್ರೀತಿ ಉಕ್ಕಿಬರಲಿ, ಆಮೇಲೆ ಬಡಿಸು ಅನ್ನಲಿಲ್ಲ. ನೀವು ಬಡಿಸುತ್ತಿದ್ದೀರಿ. ಮನಸ್ಸಲ್ಲಿ ಬಂದ ಬೈಗುಳವನ್ನು ಅತ್ತೆಯ ಮುಂದೆ ಆಡಬೇಡಿ, ಮುಚ್ಚಿಡಲೂ ಬೇಡಿ, ದೇವರಿಗೆ ಹಾಗೇ ಹೇಳಿ. ಕೀರ್ತನೆ 109 ಓದಿ ನೋಡಿ, ನಿಮ್ಮದಕ್ಕಿಂತ ಜೋರಾದ ಬೈಗುಳ ಅಲ್ಲಿವೆ, ಅವೂ ಪ್ರಾರ್ಥನೆಯೇ. ಕ್ಷಮೆ ಒಂದೇ ದಿನದಲ್ಲಿ ಬರಬೇಕು ಅಂತ ನಿಮ್ಮನ್ನು ನೀವು ಹಿಂಸೆ ಮಾಡಿಕೊಳ್ಳಬೇಡಿ.

ಆದರೆ ಒಂದು ಮಾತು ನನಗೆ ನುಂಗಲಾಗುತ್ತಿಲ್ಲ. "ನಾನೊಬ್ಬಳೇ" ಅಂತ ಬರೆದಿದ್ದೀರಿ. ಅತ್ತೆಯ ಮಗ ಎಲ್ಲಿ? ಅವರೂ ಸಭೆಯ ಸದಸ್ಯರೇ ಅಲ್ವಾ? ಶಿಲುಬೆ ಹೊರುವ ಕರೆ ಮನೆಯ ಹೆಂಗಸಿಗೆ ಮಾತ್ರ ಬರುವುದಿಲ್ಲ. ರಾತ್ರಿ ಹತ್ತರ ಮೇಲಿನ ಮಗ್ಗುಲು ಬದಲಿಸುವುದು ನಿಮ್ಮ ಯಜಮಾನರ ಪಾಲಿಗೆ ಬರಲಿ, ಭಾನುವಾರ ಬೆಳಗ್ಗೆ ಕೂಡ. ಗಂಡಸರಿಗೆ ಬರುವುದಿಲ್ಲ ಅಂದರೆ ಒಪ್ಪಬೇಡಿ. ಎಷ್ಟೋ ಗಂಡುಮಕ್ಕಳಿಗೆ ನಾನೇ ಕಲಿಸಿದ್ದೇನೆ. ಯೇಸುಸ್ವಾಮಿಯೂ ಹೊತ್ತು ಮೂಡುವ ಮುಂಚೆ ಜನರಿಂದ ದೂರ ಹೋಗಿ ಒಬ್ಬರೇ ಕೂರುತ್ತಿದ್ದರು. ನಿಮಗೂ ಬಾಗಿಲು ಹಾಕಿಕೊಂಡು ಕೂರಲು ಸ್ವಲ್ಪ ಹೊತ್ತು ಬೇಕು.

ಸ್ತ್ರೀಯರ ಕೂಟದ ಕಾರ್ಯದರ್ಶಿಗಳೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆ. ಮುಂದಿನ ಕೂಟವನ್ನು ಆ ತಂಗಿಯ ಮನೆಯಲ್ಲೇ ಇಡಿ. ತಿಂಡಿ ನೀವೇ ಮಾಡಿಕೊಂಡು ಹೋಗಿ. ಇಬ್ಬರು ಅತ್ತೆಯ ಹತ್ತಿರ ಕೂರಿ, ಅವಳು ಹಾಡಲಿ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೇನೆ. ಗಲ್ಫ್‌ನಲ್ಲಿ ಕೆಲಸ ಸಿಗುವ ಹಾಗಿದೆ. ಅದೇ ಹೊತ್ತಿಗೆ ಸಣ್ಣ ಊರಿನ ಒಂದು ಮಿಷನ್ ಆಸ್ಪತ್ರೆಯವರೂ ಕರೆಯುತ್ತಿದ್ದಾರೆ, ಸಂಬಳ ತುಂಬಾ ಕಡಿಮೆ. ಎಜುಕೇಶನ್ ಲೋನ್ ಇದೆ. ಅಪ್ಪ ಅದಕ್ಕಾಗಿ ಮನೆಯ ಚಿನ್ನವನ್ನೂ ಅಡ ಇಟ್ಟಿದ್ದಾರೆ. ಗಲ್ಫ್‌ಗೆ ಹೋದರೆ ದೇವರ ಕರೆಯನ್ನು ತಳ್ಳಿದ ಹಾಗಾಗುತ್ತದಾ ಆಂಟಿ?
- ಒಬ್ಬ ಸ್ಟಾಫ್ ನರ್ಸ್

ಉತ್ತರ: ಇಲ್ಲ ಮಗಳೇ. ಅಪ್ಪ ಅಡ ಇಟ್ಟ ಚಿನ್ನ ಬಿಡಿಸಿಕೊಡುವುದೂ ದೇವರ ಮಾತು ಕೇಳುವುದೇ. ಮಿಷನ್ ಆಸ್ಪತ್ರೆಗಳಿಗೆ ಒಳ್ಳೆಯ ನರ್ಸ್‌ಗಳು ಬೇಕು, ನಿಜ. ನನ್ನ ಮನಸ್ಸೂ ಅವುಗಳ ಕಡೆಗೇ. ಆದರೆ ಸಾಲದ ನೋಟಿಸ್ ಮನೆಗೆ ಬರುತ್ತಿದ್ದರೆ ನೀನು ಅಲ್ಲಿ ನೆಮ್ಮದಿಯಿಂದ ಕೆಲಸ ಮಾಡಲಾರೆ.

ಅಕ್ವಿಲ, ಪ್ರಿಸ್ಕಿಲ್ಲ ಅಂತ ಗಂಡ ಹೆಂಡತಿ ಇದ್ದರು. ಗುಡಾರ ಹೊಲಿಯುವವರು. ಯೆಹೂದ್ಯರೆಲ್ಲ ರೋಮ್ ಬಿಡಬೇಕು ಅಂತ ಚಕ್ರವರ್ತಿ ಕ್ಲೌದ್ಯನ ಅಪ್ಪಣೆಯಾದಾಗ ಕೊರಿಂಥಕ್ಕೆ ಬಂದರು, ಆಮೇಲೆ ಎಫೆಸಕ್ಕೆ ಹೋದರು. ಪೌಲನ ಪತ್ರಗಳಲ್ಲಿ ಅವರ ಹೆಸರು ಬಂದಾಗ 'ಅವರ ಮನೆಯಲ್ಲಿ ಕೂಡುವ ಸಭೆ' ಅಂತಲೂ ಬರುತ್ತದೆ. ಊರು ಬದಲಾಯಿತು, ಕಸುಬು ಅದೇ, ಮನೆಯ ಬಾಗಿಲು ತೆರೆದೇ ಇತ್ತು. ನೀನು ಹೋಗುವ ಕಡೆ ರೂಮಿನಲ್ಲಿ ಅಳುವ ಹೊಸ ಹುಡುಗಿ ಇರುತ್ತಾಳೆ. ಭಾಷೆ ಬಾರದ ಮನೆಗೆಲಸದ ಹೆಂಗಸು ರೋಗಿಯಾಗಿ ಬರುತ್ತಾಳೆ. ಅವರನ್ನು ನೋಡಿಕೋ.

ಒಂದು ಕೆಲಸ ಮಾಡು. ಎಲ್ಲಿಗೆ ಹೋಗಬೇಕು ಅಂತ ಒಬ್ಬಳೇ ಕೂತು ತಲೆ ಕೆಡಿಸಿಕೊಳ್ಳಬೇಡ. ಬಾಲಕ ಸಮುವೇಲನಿಗೆ ಕರೆದವರು ಯಾರು ಅಂತಲೇ ತಿಳಿಯಲಿಲ್ಲ, ಮುದುಕ ಏಲಿ ಹೇಳಬೇಕಾಯಿತು. ನಿನ್ನನ್ನು ಚೆನ್ನಾಗಿ ಬಲ್ಲ ಒಬ್ಬ ಹಿರಿಯ ಸಿಸ್ಟರ್ ಹತ್ತಿರ ಮಾತಾಡು. ಮಿಷನ್ ಆಸ್ಪತ್ರೆಯವರಿಗೆ ಸಾಲದ ವಿಷಯ ಮುಚ್ಚಿಡದೆ ಹೇಳು, ಸಾಲ ತೀರಿದ ಮೇಲೆ ಬರುತ್ತೇನೆ ಅನ್ನುವ ಮನಸ್ಸಿದ್ದರೆ ಅದನ್ನೂ ಹೇಳು. ಗಲ್ಫ್ ಕಡೆಗೆ ಕಳಿಸುವ ಏಜೆಂಟ್‌ಗೆ ಸರಕಾರದ ಪರವಾನಗಿ ಇದೆಯಾ ಅಂತ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಡು. ದುಡ್ಡು ಕಟ್ಟಿದರೆ ರಸೀದಿ ತಗೋ. ಸಹಿ ಹಾಕುವ ಮುಂಚೆ ಕಾಂಟ್ರ್ಯಾಕ್ಟ್‌ನ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸು, ನಾನು ಓದಿ ಹೇಳುತ್ತೇನೆ.